ದೀಪ ಶಾಂತ

ಭಾನುವಾರ ಸಂಜೆ ಸಾತಾರಾ ಕಡೆಯಿಂದ ಪುಣೆಗೆ ಮರಳುವವರಿಗೆ ಖೇಡ್ ಶಿವಾಪುರದ ಟೋಲ್ ನಾಕಾದ ಸಾಲು ಎಂಥದ್ದೆಂದು ಗೊತ್ತಿರುತ್ತದೆ. ಫಾಸ್ಟ್‌ಟ್ಯಾಗ್ ಬಂದರೂ ಆ ಸಾಲು ಹೋಗಿಲ್ಲ. 2023ರ ಫೆಬ್ರುವರಿಯ ಒಂದು ಭಾನುವಾರ ನಾನು ಆ ಸಾಲಿನಲ್ಲಿದ್ದೆ. ಹಿಂದಿನ ಸೀಟಿನಲ್ಲಿ ಅವ್ವ ಇದ್ದಳು. ಬೆಳಿಗ್ಗೆ ಧಾರವಾಡ ಬಿಟ್ಟು, ನಿಪ್ಪಾಣಿಯಲ್ಲಿ ಚಹಾ ಕುಡಿದು, ಕರಾಡದ ಹತ್ತಿರ ಬುತ್ತಿ ಬಿಚ್ಚಿ ಉಂಡು ಬಂದಿದ್ದೆವು. ಮಂಗಳವಾರ ಪುಣೆಯಲ್ಲಿ ಅವಳ ಎಡಗಣ್ಣಿನ ಪೊರೆ ತೆಗೆಸುವುದಿತ್ತು. ಮುಂದಿನ ಟೆಂಪೊ ಹತ್ತು ಅಡಿ ಸರಿಯಿತು, ನಾನೂ ಸರಿದೆ, ಬ್ರೇಕ್ ಒತ್ತಿದೆ. ಆಗ ಸ್ಟಿಯರಿಂಗ್ ಹಿಂದಿನ ಫಲಕದಲ್ಲಿ ಒಂದು ಕೆಂಪು ಗಿಂಡಿ ಕಣ್ಣು ಮಿಟುಕಿಸಿತು.

ಗಿಂಡಿ ಎಂದೆ. ಅದು ನಿಜವಾಗಿ ಎಣ್ಣೆ ಬಿಡುವ ಹಳೇ ಕಾಲದ ಡಬ್ಬಿಯ ಚಿತ್ರ, ಮೂತಿಯ ತುದಿಯಲ್ಲೊಂದು ಹನಿ. ಚಿಕ್ಕಂದಿನಲ್ಲಿ ನನಗೂ ತಮ್ಮನಿಗೂ ಅದು ಅಲ್ಲಾವುದ್ದೀನನ ದೀಪ. ಈಗ ಆ ಗಿಂಡಿ ಒಮ್ಮೆ ಹತ್ತಿತು, ಆರಿತು, ಮತ್ತೆ ಎರಡು ಸಲ ಹತ್ತಿ ಆರಿತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಕಾಣುವುದಿಲ್ಲ, ಬಿಟ್ಟರೆ ಮಿಣುಕುತ್ತದೆ.

ಆ ಕ್ಷಣ ನನಗೆ ಎಂಜಿನ್ ನೆನಪಾಗಲಿಲ್ಲ, ಒಂದು ವಾಕ್ಯ ನೆನಪಾಯಿತು. ಅದು ನಾನೇ ಬರೆದದ್ದು.

ನಾನು ಅನುವಾದದಿಂದ ಬದುಕುವವಳು. ಡೆಕ್ಕನ್ ಕಾಲೇಜಿನಲ್ಲಿ ಭಾಷಾಶಾಸ್ತ್ರ ಎಂ.ಎ. ಮಾಡಲೆಂದು ಪುಣೆಗೆ ಬಂದು ಇಲ್ಲೇ ಉಳಿದೆ. ಕಥೆ, ಕಾದಂಬರಿ ಅನುವಾದಿಸುತ್ತೀರಾ ಎಂದು ಜನ ಕೇಳುತ್ತಾರೆ. ಮಾಡುತ್ತೇನೆ, ವರ್ಷಕ್ಕೊಂದು. ಮನೆ ಬಾಡಿಗೆ ಕಟ್ಟುವುದು ಮಾತ್ರ ವಿಮೆಯ ಕರಾರು, ಮಿಕ್ಸರಿನ ಕೈಪಿಡಿ, ಔಷಧದ ಚೀಟಿ ಇವುಗಳಿಂದ. ಆ ಪ್ರಯಾಣಕ್ಕೆ ಎರಡು ವರ್ಷ ಮೊದಲು ಒಂದು ಏಜೆನ್ಸಿಯ ಮೂಲಕ ಸಣ್ಣ ಸರಕು ವಾಹನವೊಂದರ ಚಾಲಕರ ಕೈಪಿಡಿಯನ್ನು ಕನ್ನಡಕ್ಕೆ ಮಾಡಿಕೊಟ್ಟಿದ್ದೆ. ಪದಕ್ಕೆ ಒಂದೂವರೆ ರೂಪಾಯಿ, ಗಡುವು ಒಂಬತ್ತು ದಿನ. ಅದರಲ್ಲಿ ಎಚ್ಚರಿಕೆ ದೀಪಗಳ ಒಂದು ಉದ್ದದ ಪಟ್ಟಿ ಇತ್ತು. ಆಯಿಲ್ ದೀಪದ ಎದುರು ನಾನು ಬರೆದದ್ದು ಹೀಗೆ: "ಚಾಲನೆಯ ವೇಳೆ ಈ ದೀಪ ಬೆಳಗಿದರೆ ಅಥವಾ ಮಿನುಗಿದರೆ ವಾಹನವನ್ನು ಸಾಧ್ಯವಾದಷ್ಟು ಬೇಗ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ."

ಓದಿದರೆ ತಪ್ಪೇನೂ ಕಾಣದು. ಟೋಲ್ ಸಾಲಿನಲ್ಲಿ ಕೂತು ಆ ದೀಪವನ್ನೇ ನೋಡುತ್ತ ಅದೇ ವಾಕ್ಯವನ್ನು ಮನಸ್ಸಿನಲ್ಲಿ ಓದಿಕೊಂಡಾಗ ಅದರಲ್ಲಿ ಎರಡು ತೂತುಗಳಿರುವುದು ತಿಳಿಯಿತು.

ಮೊದಲನೆಯದು "ಸಾಧ್ಯವಾದಷ್ಟು ಬೇಗ". ಮೂಲದಲ್ಲಿದ್ದುದು ಕೂಡಲೇ ನಿಲ್ಲಿಸು ಎಂಬ ಆಜ್ಞೆ. ನಿಲ್ಲಿಸುವಾಗ ಲಾರಿಯ ಕೆಳಗೆ ಹೋಗಬೇಡ ಎಂಬಷ್ಟೇ ಷರತ್ತು. ಆದರೆ ಕನ್ನಡದಲ್ಲಿ "ಸಾಧ್ಯವಾದಷ್ಟು ಬೇಗ" ಎಂದರೆ ಏನೆಂದು ಸರಕಾರಿ ಕಚೇರಿಗೆ ಅರ್ಜಿ ಕೊಟ್ಟ ಯಾರನ್ನಾದರೂ ಕೇಳಿ. ಇವತ್ತಲ್ಲ ಎಂದು ಅರ್ಥ. ಮನೆಗೆ ಹೋಗಿ, ಊಟ ಮಾಡಿ, ನಾಳೆ ನೋಡೋಣ ಎಂದು ಅರ್ಥ. ಎರಡನೆಯದು "ಮಿನುಗು". ಮೂಲದಲ್ಲಿ ಎರಡು ಬೇರೆ ಕ್ರಿಯಾಪದಗಳಿದ್ದವು. ಒಂದು ತಾಳ ಹಾಕಿದಂತೆ ಬಿಟ್ಟು ಬಿಟ್ಟು ಹತ್ತುವುದಕ್ಕೆ, ಇನ್ನೊಂದು ಗಾಳಿಗೆ ಸಿಕ್ಕ ಹಣತೆಯಂತೆ ಹೊಯ್ದಾಡುವುದಕ್ಕೆ. ಏಜೆನ್ಸಿ ಕಳಿಸಿದ ಪದಕೋಶದಲ್ಲಿ ಎರಡಕ್ಕೂ ಒಂದೇ "ಮಿನುಗು" ಇತ್ತು. ನಾನು ತಕರಾರು ತೆಗೆಯಲಿಲ್ಲ. ಕನ್ನಡದಲ್ಲಿ ಮಿನುಗು, ಮಿಣುಕು, ಮಿಟುಕು ಎಂದು ಮೂರು ಇರುವಾಗ, ಗಡುವಿನ ಗಡಿಬಿಡಿಯಲ್ಲಿ ನಕ್ಷತ್ರಕ್ಕೆ ಹೇಳುವ ಮಾತನ್ನು ಅಪಾಯಕ್ಕೆ ಹೇಳಿಬಿಟ್ಟೆ. ಅದೇ ಕೈಪಿಡಿಯ ಬೇರೆ ಪುಟದಲ್ಲಿ "ಕೀಲಿ ತಿರುಗಿಸಿದಾಗ ಕೆಲವು ದೀಪಗಳು ಮಿನುಗುತ್ತವೆ, ಇದು ದೋಷವಲ್ಲ" ಎಂದೂ ಬರೆದಿದ್ದೆ. ಎರಡನ್ನೂ ಓದಿದ ಚಾಲಕ ಏನು ತಿಳಿಯಬೇಕು? ಮಿನುಗಿದರೆ ಚಿಂತೆಯಿಲ್ಲ ಎಂದೇ.

ಟೋಲ್ ದಾಟಿ ಎಡಕ್ಕೆ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದೆ.

"ಯಾಕವ್ವಾ ನಿಲ್ಲಿಸಿದಿ?" ಅಂದಳು ಅವ್ವ.

"ಚಾ ಕುಡಿಯೋಣ ಅಂತ."

ಬಾನೆಟ್ ಎತ್ತಿ ಹತ್ತು ನಿಮಿಷ ಕಾದು ಡಿಪ್‌ಸ್ಟಿಕ್ ಎಳೆದೆ, ಒರೆಸಿದೆ, ಮತ್ತೆ ಇಳಿಬಿಟ್ಟು ಎಳೆದು ನೋಡಿದೆ. ಆಯಿಲ್ ಎರಡು ಗುರುತುಗಳ ನಡುವೆ, ಮೇಲಿನ ಗುರುತಿಗೆ ಹತ್ತಿರವೇ ಇತ್ತು. ಅರ್ಧ ಗಂಟೆ ಕಳೆದು ಸ್ಟಾರ್ಟ್ ಮಾಡಿದರೆ ದೀಪ ಒಂದು ಕ್ಷಣ ಹತ್ತಿ, ಸಭ್ಯಸ್ಥನ ಹಾಗೆ ಆರಿಹೋಯಿತು. ಈಗ ಅವ್ವನಿಗೂ ವಿಷಯ ಗೊತ್ತಾಗಿತ್ತು. ಮಂಜುಗಣ್ಣಿಂದಲೇ ಮುಂದೆ ಬಾಗಿ ನೋಡಿ, "ದೀಪಾ ಶಾಂತ ಆತಲ್ಲ, ನಡಿ ಇನ್ನ" ಅಂದಳು. ನಮ್ಮ ಕಡೆ ದೀಪ ಆರಿತು ಅನ್ನಬಾರದು, ಶಾಂತವಾಯಿತು ಅನ್ನಬೇಕು. ದೇವರ ಮನೆಯ ನಿಯಮವನ್ನು ಅವಳು ಕಾರಿಗೂ ಹಚ್ಚಿದಳು.

ನಾನು ಹೊರಟೆ. ಅದು ತಪ್ಪು. ಉಳಿದ ದಾರಿಯಲ್ಲಿ ಮತ್ತೆ ಹತ್ತಲಿಲ್ಲ ಎಂಬುದು ನನ್ನ ಅದೃಷ್ಟ. ಮನೆ ತಲುಪಿದಾಗ ಗಂಡನಿಗೂ ಹೇಳಲಿಲ್ಲ. ಶಸ್ತ್ರಚಿಕಿತ್ಸೆ ಮುಗಿಯಲಿ ಅಂದುಕೊಂಡೆ.

ಈ ದೀಪದ ಬಗ್ಗೆ ಒಂದೆರಡು ಮಾತು ಹೇಳಬೇಕು. ಹಳೇ ಕಾರು ಇಟ್ಟುಕೊಂಡವರು ನಿಮ್ಮಲ್ಲಿ ಇದ್ದೇ ಇರುತ್ತೀರಿ. ಆಯಿಲ್ ಕಡಿಮೆಯಾಯಿತು ಎಂದು ಹೇಳುವ ದೀಪ ಇದಲ್ಲ. ಬಹಳ ಜನ ಹಾಗೆ ತಿಳಿದಿದ್ದಾರೆ, ನಾನೂ ತಿಳಿದಿದ್ದೆ. ಇದು ಹೇಳುವುದು ಆಯಿಲಿನ ಒತ್ತಡದ ಸುದ್ದಿ. ಎಂಜಿನ್ನಿನ ತಳದಲ್ಲಿರುವ ತೊಟ್ಟಿಯಿಂದ ಪಂಪು ಆಯಿಲನ್ನು ಹೀರಿ ಮೇಲಕ್ಕೆ ತಳ್ಳುತ್ತದೆ. ಕ್ರ್ಯಾಂಕ್ ಶಾಫ್ಟ್ ತಿರುಗುವುದು ಬೇರಿಂಗಿನ ಲೋಹಕ್ಕೆ ತಾಗಿಕೊಂಡಲ್ಲ, ನಡುವಿನ ಆಯಿಲಿನ ತೆಳು ಪದರದ ಮೇಲೆ ತೇಲಿಕೊಂಡು. ಆ ಪದರ ಹರಿದರೆ ಲೋಹಕ್ಕೆ ಲೋಹ ಉಜ್ಜಿ ಕೆಲವೇ ನಿಮಿಷಗಳಲ್ಲಿ ಎಂಜಿನ್ ಹಾಳಾಗಬಹುದು. ತೊಟ್ಟಿ ತುಂಬ ಆಯಿಲ್ ಇದ್ದೂ ಒತ್ತಡ ಇಲ್ಲದಿರಬಹುದು, ಬಾವಿ ತುಂಬ ನೀರಿದ್ದೂ ಮೋಟರು ಕೆಟ್ಟರೆ ನಲ್ಲಿ ಒಣಗುವ ಹಾಗೆ.

ಇದರ ಏರ್ಪಾಡು ಬಹಳ ಸರಳ. ಎಂಜಿನ್ನಿಗೆ ತಿರುಪಿ ಕೂಡಿಸಿದ ಒಂದು ಸಣ್ಣ ಸ್ವಿಚ್ಚು, ಅದರಿಂದ ದೀಪಕ್ಕೆ ಒಂದು ತಂತಿ. ಒತ್ತಡ ಇಲ್ಲದಾಗ ಸ್ವಿಚ್ಚು ಮುಚ್ಚಿಕೊಂಡು ದೀಪ ಹತ್ತುತ್ತದೆ. ಆಯಿಲ್ ಒತ್ತಿದರೆ ಸ್ವಿಚ್ಚು ತೆರೆದು ದೀಪ ಆರುತ್ತದೆ. ಕೀಲಿ ತಿರುಗಿಸಿದಾಗ, ಎಂಜಿನ್ ಇನ್ನೂ ಸ್ಟಾರ್ಟ್ ಆಗದಿರುವಾಗ, ಅದು ಹತ್ತಲೇಬೇಕು. ಹತ್ತದಿದ್ದರೆ ಬಲ್ಬೋ ತಂತಿಯೋ ಹೋಗಿದೆ ಎಂದು ಅರ್ಥ, ಅದೂ ಒಂದು ದೋಷವೇ. ಸ್ವಿಚ್ಚು ತೆರೆಯುವ ಒತ್ತಡ ಬಹಳ ಕಡಿಮೆ, ಸಾಮಾನ್ಯವಾಗಿ ಅರ್ಧ ಬಾರ್‌ಗಿಂತ ಕೆಳಗೆ. ಹಾಗಾಗಿ ಈ ದೀಪ ಮುಂಚಿತವಾಗಿ ಎಚ್ಚರಿಸುವುದಿಲ್ಲ. ಹತ್ತುವ ಹೊತ್ತಿಗೆ ಆಗಲೇ ತಡವಾಗಿರುತ್ತದೆ. ಇಂಥ ಚಿಹ್ನೆಗಳಿಗೆ ಐಎಸ್‌ಒ 2575 ಎಂಬ ಅಂತರರಾಷ್ಟ್ರೀಯ ಮಾನಕವೇ ಇದೆ. ಹಸಿರು ಎಂದರೆ ಕೆಲಸ ನಡೆದಿದೆ, ಹಳದಿ ಎಂದರೆ ಗಮನಿಸು, ಕೆಂಪು ಎಂದರೆ ಅಪಾಯ. ಅದರ ಲೆಕ್ಕದಲ್ಲಿ ಈ ಗಿಂಡಿ ಕೆಂಪು.

ಎಂ.ಎ. ತರಗತಿಯಲ್ಲಿ ಚಾರ್ಲ್ಸ್ ಪರ್ಸ್ ಎಂಬ ಅಮೆರಿಕದ ತತ್ವಜ್ಞಾನಿ ಮಾಡಿದ ಚಿಹ್ನೆಗಳ ವಿಂಗಡಣೆಯನ್ನು ಓದಿದ್ದೆವು. ಕೆಲವು ಚಿಹ್ನೆಗಳು ಹೋಲಿಕೆಯಿಂದ ಹೇಳುತ್ತವೆ, ಕೆಲವು ರೂಢಿಯಿಂದ, ಕೆಲವು ಕಾರಣದ ನಂಟಿನಿಂದ. ಕೊನೆಯದಕ್ಕೆ ಎಲ್ಲರೂ ಕೊಡುವ ಉದಾಹರಣೆ ಹೊಗೆ ಮತ್ತು ಬೆಂಕಿ. ನಮ್ಮ ನ್ಯಾಯಶಾಸ್ತ್ರದವರಿಗೂ ಇದೇ ಉದಾಹರಣೆ. ಗಿಂಡಿಯ ಚಿತ್ರ ಹೋಲಿಕೆ, ಕೆಂಪು ಬಣ್ಣ ರೂಢಿ, ಅದು ಹತ್ತುವುದು ಮಾತ್ರ ಹೊಗೆಯ ಜಾತಿಯದು. ಅಂದರೆ ಅದರ ಹಿಂದೆ ಏನೋ ಒಂದು ನಿಜವಾಗಿ ಆಗಿರಬೇಕು. ಆ ಏನೋ ಯಾವುದು ಎಂಬುದನ್ನು ಮಾತ್ರ ದೀಪ ಹೇಳುವುದಿಲ್ಲ. ಆಯಿಲ್ ಕಡಿಮೆ ಇರಬಹುದು, ನೀರಾಗಿರಬಹುದು, ಪಂಪು ಸವೆದಿರಬಹುದು, ಬೇರಿಂಗ್ ಸವೆದು ಸಂದು ದೊಡ್ಡದಾಗಿರಬಹುದು, ಅಥವಾ ಸ್ವಿಚ್ಚೇ ಸುಳ್ಳು ಹೇಳುತ್ತಿರಬಹುದು.

ಕೊನೆಯದು ಎಲ್ಲರಿಗೂ ಇಷ್ಟ, ಅದೇ ಅಗ್ಗ.

ಬುಧವಾರ ಮನೆ ಹತ್ತಿರದ ಗ್ಯಾರೇಜಿಗೆ ಹೋದೆ. ಹುಡುಗ ಸ್ಕ್ಯಾನರ್ ಹಚ್ಚಿ ನೋಡಿ, ಕೋಡ್ ಏನೂ ಇಲ್ಲ ಎಂದ. ಇರುವುದೂ ಇಲ್ಲ. ನಮ್ಮದು 2009ರ ಪುಟ್ಟ ಪೆಟ್ರೋಲ್ ಕಾರು. ಅದರಲ್ಲಿ ಈ ದೀಪ ಕಂಪ್ಯೂಟರಿನ ಕೈಕೆಳಗಿಲ್ಲ, ಒಂಟಿ ತಂತಿಯ ಸಂಸಾರ. ಕಂಪ್ಯೂಟರಿಗೆ ಗೊತ್ತೇ ಇಲ್ಲದ್ದನ್ನು ಕಂಪ್ಯೂಟರನ್ನು ಕೇಳಿ, ಏನೂ ಇಲ್ಲ ಎಂಬ ಉತ್ತರ ಪಡೆದಂತಾಯಿತು. "ತಾಈ, ಸೆನ್ಸರ್ ಗೇಲಾಯ್" ಎಂದ ಹುಡುಗ. ಮರಾಠಿಯ ಅಕ್ಕ ಕನ್ನಡದ ಕಿವಿಗೆ ತಾಯಿಯಾಗಿ ಕೇಳಿಸುತ್ತಾಳೆ. ಹದಿಮೂರು ವರ್ಷ ಇಲ್ಲಿದ್ದರೂ ಆ ಕರೆಗೆ ನಾನು ಒಂದು ಕ್ಷಣ ಮುದುಕಿಯಾಗುತ್ತೇನೆ. 450 ರೂಪಾಯಿ ಕೊಟ್ಟು ಸ್ವಿಚ್ಚು ಬದಲಿಸಿದೆ. ಗಾಡಿಗೆ 15 ವರ್ಷ ತುಂಬುತ್ತ ಬಂತು, ನೋಂದಣಿ ನವೀಕರಿಸುವ ಗೋಜೇಕೆ, ಮಾರಿಬಿಡಿ ಎಂಬ ಸಲಹೆ ಪುಕ್ಕಟೆ ಸಿಕ್ಕಿತು.

ಅದಾಗಿ ಒಂಬತ್ತು ದಿನ ದೀಪ ಹತ್ತಲಿಲ್ಲ. ಅವ್ವನ ಕಣ್ಣಿನ ಪಟ್ಟಿ ಬಿಚ್ಚಿದರು. ಅಡುಗೆಮನೆಯ ಹೆಂಚಿನ ಕಲೆಗಳೆಲ್ಲ ಕಾಣತೊಡಗಿ ನನಗೆ ಬೈಗುಳ ಶುರುವಾಯಿತು. ಸೆನ್ಸರಿನದೇ ಕಥೆ ಎಂದು ನಂಬಿದೆ. ಆ ಒಂಬತ್ತು ದಿನ ಕಾರು ಓಡಿದ್ದು ಮನೆಯಿಂದ ಆಸ್ಪತ್ರೆಗೆ, ಆಸ್ಪತ್ರೆಯಿಂದ ಮನೆಗೆ ಮಾತ್ರ, ಒಂದು ಸಲಕ್ಕೆ ಆರು ಕಿಲೋಮೀಟರ್ ಎಂಬುದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಎರಡನ್ನು ಒಟ್ಟಿಗೆ ಬದಲಿಸಿ ಒಂದರ ಬಗ್ಗೆ ತೀರ್ಮಾನ ಹೇಳಬಾರದು ಎಂಬುದು ಧ್ವನಿಮಾ ಹುಡುಕುವ ವಿದ್ಯಾರ್ಥಿಗೆ ಮೊದಲ ತಿಂಗಳಲ್ಲೇ ಕಲಿಸುವ ಪಾಠ. ಕಾರಿನ ವಿಷಯಕ್ಕೆ ಬಂದಾಗ ಅದನ್ನು ಮರೆತೆ.

ಹತ್ತನೆಯ ದಿನ ಅವ್ವನನ್ನು ಊರಿಗೆ ಬಿಡಲು ಹೊರಟೆ. ಖಂಬಾಟ್ಕಿ ಘಾಟು ಹತ್ತಿ ಇಳಿದು, ಲಾರಿಗಳ ಹಿಂದೆ ನಿಧಾನವಾದಾಗ ಗಿಂಡಿ ಮತ್ತೆ ಬಂತು. ಈ ಸಲ ಮಿಣುಕಲಿಲ್ಲ, ಹತ್ತಿಯೇ ನಿಂತಿತು. ಈ ಸಲ ನಾನೂ ನನ್ನ ಕೈಪಿಡಿಯ ಮಾತು ಕೇಳಲಿಲ್ಲ. ರಸ್ತೆಯಂಚಿಗೆ ಬಂದು ಕೀಲಿ ತಿರುಗಿಸಿ ಎಂಜಿನ್ ಆರಿಸಿದೆ. ಗಾಡಿ ಎತ್ತಿಕೊಂಡು ಹೋಗುವ ಟ್ರಕ್ಕು ಬರಲು ಎರಡು ತಾಸು ಹಿಡಿಯಿತು. ಅವ್ವ ಕಪ್ಪು ಕನ್ನಡಕ ಹಾಕಿಕೊಂಡು ಟ್ರಕ್ಕಿನ ಕ್ಯಾಬಿನ್ನಿನಲ್ಲಿ ಮಹಾರಾಣಿಯಂತೆ ಕೂತು ಪುಣೆಗೆ ವಾಪಸಾದಳು. ಚಾಲಕ ಸಾಂಗ್ಲಿಯವನು, ಅವನ ಅಜ್ಜಿಯ ತವರು ಅಥಣಿ ಕಡೆಯದು. ಕಾತ್ರಜ್ ಬರುವಷ್ಟರಲ್ಲಿ ಇಬ್ಬರಿಗೂ ದೂರದ ನೆಂಟಸ್ತಿಕೆ ಸಿಕ್ಕಿತ್ತು.

ಆ ಚಾಲಕನೇ ನಮ್ಮನ್ನು ಧನಕವಡಿಯ ಒಂದು ಸಣ್ಣ ಗ್ಯಾರೇಜಿಗೆ ಕರೆದೊಯ್ದ. ಅರವತ್ತು ದಾಟಿದ ಮೇಸ್ತ್ರಿ, ಎಲ್ಲರೂ ಕಾಕಾ ಎಂದೇ ಕರೆಯುವುದು. ಕಾಕಾ ಬಾನೆಟ್ ಎತ್ತುವ ಮೊದಲು ನನ್ನನ್ನು ಸ್ಟೂಲಿನ ಮೇಲೆ ಕೂಡಿಸಿ ಪ್ರಶ್ನೆ ಕೇಳತೊಡಗಿದರು. ಯಾವಾಗ ಹತ್ತುತ್ತದೆ? ತಣ್ಣಗಿದ್ದಾಗಲೋ ಬಿಸಿಯಾದಾಗಲೋ? ಊರೊಳಗೋ ಹೈವೇ ಮೇಲೋ? ಎಷ್ಟು ಹೊತ್ತು ಓಡಿದ ಮೇಲೆ? ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ? ಎಷ್ಟು ಹೊತ್ತು ನಿಲ್ಲಿಸಿದ್ದಿರಿ? ಊರೂರು ತಿರುಗಿ ಉಪಭಾಷೆ ಸಂಗ್ರಹಿಸುವವರು ಹೀಗೇ ಕೇಳುತ್ತಾರೆ. ಒಂದೇ ಒಂದು ಅಂಶ ಬದಲಿಸಿ, ಉತ್ತರ ಬದಲಾಗುತ್ತದೆಯೇ ಎಂದು ನೋಡುತ್ತಾರೆ. ಯಾವ ಆಯಿಲ್ ಹಾಕಿಸಿದ್ದೀರಿ ಎಂದೂ ಕೇಳಿದರು. ಧಾರವಾಡಕ್ಕೆ ಹೊರಡುವ ಮೊದಲು ಸರ್ವೀಸ್ ಮಾಡಿಸಿದ್ದೆ, ಪುಸ್ತಕದಲ್ಲಿ ಬರೆದದ್ದನ್ನೇ ಹಾಕಿಸಿದ್ದೆ ಎಂದೆ. ಅದಕ್ಕೂ ಮುಂಚೆ? ಅಪ್ಪ ದಪ್ಪ ಆಯಿಲ್ ಹಾಕಿಸುತ್ತಿದ್ದರು, 20ಡಬ್ಲ್ಯು-50. ಕಾಕಾ ಹುಬ್ಬೇರಿಸಿದರು.

ಆ ಅಂಕಿಗಳಲ್ಲಿ ಡಬ್ಲ್ಯು ಇರುವುದು ಚಳಿಗಾಲಕ್ಕೆ. ಮೊದಲ ಅಂಕಿ ಚಳಿಯಲ್ಲಿ ಆಯಿಲ್ ಹೇಗೆ ಹರಿಯುತ್ತದೆ ಎಂಬುದನ್ನು ಹೇಳುತ್ತದೆ, ಎರಡನೆಯದು ಎಂಜಿನ್ ಕಾದಾಗ ಎಷ್ಟು ದಪ್ಪ ಉಳಿಯುತ್ತದೆ ಎಂಬುದನ್ನು. 50 ಎಂದರೆ ಕಾದ ಮೇಲೂ ಗಟ್ಟಿ. ಎಂಜಿನ್ ಕಾದು, ಆಯಿಲ್ ತೆಳ್ಳಗಾಗಿ, ಪಂಪು ನಿಧಾನವಾಗಿ ತಿರುಗುವ ಹೊತ್ತಿನಲ್ಲಿ, ಅಂದರೆ ಸಿಗ್ನಲಿನಲ್ಲೋ ಟೋಲಿನಲ್ಲೋ ನಿಂತಾಗ, ಒತ್ತಡ ಎಲ್ಲಕ್ಕಿಂತ ಕಡಿಮೆ. ಆಯಿಲ್ ದಪ್ಪವಿದ್ದರೆ ಆ ಹೊತ್ತಿಗೂ ಒತ್ತಡ ಸ್ವಲ್ಪ ಎದ್ದು ನಿಲ್ಲುತ್ತದೆ. ದೀಪ ಹತ್ತುವುದಿಲ್ಲ.

ಅಪ್ಪ ಕಾರು ಕೊಡುವಾಗ ನನಗೆ ಹೇಳಿದ್ದು ಒಂದೇ ಮಾತು: "ಶೋರೂಮಿನವರ ಮಾತು ಕೇಳಬ್ಯಾಡ. ಯಾವತ್ತೂ ದಪ್ಪ ಎಣ್ಣೀನ ಹಾಕ್ಸು." ಯಾಕೆಂದು ಹೇಳಿರಲಿಲ್ಲ. ನಾನು ಪುಸ್ತಕ ನಂಬುವವಳು, ಪುಸ್ತಕದಲ್ಲಿದ್ದದ್ದನ್ನು ಹಾಕಿಸಿದೆ.

"ಆಧೀ ಮೋಜೂಯಾ" ಎಂದರು ಕಾಕಾ, ಮೊದಲು ಅಳೆಯೋಣ. ಹೊಸ ಸ್ವಿಚ್ಚು ಬಿಚ್ಚಿ ಅದೇ ತೂತಿಗೆ ಮುಳ್ಳಿನ ಗೇಜು ತಿರುಪಿದರು. ಎಂಜಿನ್ ಕಾಯುವವರೆಗೂ ಬಿಟ್ಟರು. ಮೊದಲು ಮುಳ್ಳು ಎರಡು ಬಾರ್ ತೋರಿಸಿ ಗಟ್ಟಿಯಾಗಿತ್ತು. ಆಮೇಲೆ ಆಕ್ಸಿಲರೇಟರ್ ಒತ್ತಿ ಹಿಡಿದರು. ಮುಳ್ಳು ಏರಿತು, ಒಂದು ನಿಮಿಷ ನಿಂತಿತು, ಆಮೇಲೆ ನಡುಗುತ್ತ ಇಳಿಯತೊಡಗಿತು. ವೇಗ ಹೆಚ್ಚಿದ್ದರೂ ಇಳಿಯಿತು. ಕಾಲು ತೆಗೆದಾಗ ಅರ್ಧ ಬಾರ್‌ಗೂ ಕೆಳಗೆ ಬಂತು. ಎಂಜಿನ್ ಆರಿಸಿ, ಚಹಾ ತರಿಸಿ ಕುಡಿದು, ಅರ್ಧ ಗಂಟೆ ಕಳೆದು ಮತ್ತೆ ಸ್ಟಾರ್ಟ್ ಮಾಡಿದರು. ಎಂಜಿನ್ ಇನ್ನೂ ಬಿಸಿಯೇ ಇತ್ತು, ಆದರೆ ಮುಳ್ಳು ಮತ್ತೆ ಎರಡಕ್ಕೆ ಬಂತು.

ಇಷ್ಟರಿಂದ ಕಾಕಾ ಬಿಡಿಸಿದ್ದು ಹೀಗೆ. ಸ್ವಿಚ್ಚು ಸುಳ್ಳು ಹೇಳಿಲ್ಲ, ಗೇಜೂ ಅದನ್ನೇ ಹೇಳುತ್ತಿದೆ. ಬೇರಿಂಗ್ ಸವೆದಿದ್ದರೆ ವೇಗ ಹೆಚ್ಚಿಸಿದಾಗ ಒತ್ತಡ ಏರಿ ಅಲ್ಲೇ ನಿಲ್ಲಬೇಕಿತ್ತು, ಇಳಿಯಬಾರದಿತ್ತು. ಸವೆದ ಬೇರಿಂಗು ಅರ್ಧ ಗಂಟೆ ವಿಶ್ರಾಂತಿಯಿಂದ ಸರಿಹೋಗುವುದೂ ಇಲ್ಲ. ಜೋರಾಗಿ ಹೀರಿದಾಗ ಕೆಡುತ್ತದೆ, ಹೀರುವುದು ನಿಂತಾಗ ಸರಿಹೋಗುತ್ತದೆ ಎಂದರೆ ಹೀರುವ ಬಾಯಿಗೆ ಏನೋ ಬಂದು ಅಂಟುತ್ತಿದೆ, ನಿಂತಾಗ ಕಳಚಿ ಬೀಳುತ್ತಿದೆ. ಪಂಪಿನ ಹೀರುಕೊಳವೆಯ ತುದಿಗೆ ಒಂದು ಜರಡಿ ಇರುತ್ತದೆ. "ಚೇಂಬರ್ ಯಾವತ್ತಾದರೂ ಬಿಚ್ಚಿದ್ದರೇ?" ಎಂದು ಕೇಳಿದರು.

ತಳದ ಆಯಿಲ್ ತೊಟ್ಟಿಗೆ ಗ್ಯಾರೇಜುಗಳಲ್ಲಿ ಚೇಂಬರ್ ಎನ್ನುತ್ತಾರೆ. ಧಾರವಾಡದಲ್ಲೂ ಚೇಂಬರ್, ಪುಣೆಯಲ್ಲೂ ಚೇಂಬರ್. ನನ್ನ ಕೈಪಿಡಿಯಲ್ಲಿ ಮಾತ್ರ ಅದು "ತೈಲ ಸಂಗ್ರಹ ಪಾತ್ರೆ".

ಗೊತ್ತಿಲ್ಲ ಎಂದೆ. ಆಮೇಲೆ ಅಪ್ಪನ ಡೈರಿ ನೆನಪಾಯಿತು. ಗ್ಲವ್ ಬಾಕ್ಸಿನಲ್ಲಿ ಸಹಕಾರಿ ಬ್ಯಾಂಕೊಂದರ ಹಳೇ ಡೈರಿ ಇತ್ತು. ಕಾರು ಕೊಂಡ ದಿನದಿಂದ ಪೆಟ್ರೋಲು, ಪಂಕ್ಚರ್, ಎಣ್ಣೆ ಎಲ್ಲವನ್ನೂ ದುಂಡಗಿನ ಅಕ್ಷರದಲ್ಲಿ ಬರೆದಿಟ್ಟಿದ್ದರು. ನಿವೃತ್ತ ಗಣಿತ ಮೇಷ್ಟ್ರು, ಲೆಕ್ಕ ಬಿಡುವವರಲ್ಲ. ಅವ್ವ ಸ್ಟೂಲಿನ ಮೇಲೆ ಕೂತು ಹೊಸ ಕಣ್ಣಿನಿಂದ ತಾನೇ ಓದುತ್ತೇನೆಂದು ಡೈರಿ ಕಸಿದುಕೊಂಡಳು.

"ಹನ್ನೆರಡು ಎಂಟು ಎರಡು ಸಾವಿರದ ಹತ್ತೊಂಬತ್ತು. ಅಮ್ಮಿನಬಾವಿ ರಸ್ತೆ, ಕಲ್ಲು ಬಡದು ಚೇಂಬರ್ ಸೋರಿತು. ಇಳಿಸಿ ಅಂಟು ಹಾಕಿ ಕೂಡಿಸಿದರು. ರೂಪಾಯಿ ಒಂದು ಸಾವಿರದ ನಾನೂರು."

ಆ ಆಗಸ್ಟ್ ನೆನಪಿದೆ. ಉತ್ತರ ಕರ್ನಾಟಕವೆಲ್ಲ ಮುಳುಗಿ, ರಸ್ತೆಗಳು ಕಿತ್ತುಹೋಗಿ, ನಾವು ಪುಣೆಯಲ್ಲಿ ಕೂತು ದಿನವೂ ಫೋನ್ ಮಾಡುತ್ತಿದ್ದೆವು. ಅಪ್ಪ ಎಲ್ಲ ಆರಾಮ ಐತಿ ಎನ್ನುತ್ತಿದ್ದರು.

ಅವ್ವ ಪುಟ ತಿರುವಿದಳು. "ಮೂರು ಹನ್ನೊಂದು. ದಪ್ಪ ಎಣ್ಣೆ ಹಾಕಿಸಿದೆ. ದೀಪ ಶಾಂತ."

ಈ ಸಾಲನ್ನು ನಾನು ಮೊದಲೇ ಓದಿದ್ದೆ. ಕಾರು ಕೈಗೆ ಬಂದ ದಿನವೇ ಡೈರಿಯನ್ನೆಲ್ಲ ಓದಿದ್ದೆ. ಹೆಡ್‌ಲೈಟಿನ ಬಲ್ಬು ಸುಟ್ಟಿರಬೇಕು ಎಂದುಕೊಂಡು ಮುಂದೆ ಹೋಗಿದ್ದೆ. ಓದುವುದೇ ನನ್ನ ಕಸುಬು.

ಮರುದಿನ ಕಾಕಾ ಚೇಂಬರ್ ಇಳಿಸಿದರು. ಜರಡಿಯನ್ನು ಬೆಳಕಿಗೆ ಹಿಡಿದು ತೋರಿಸಿದಾಗ ಅದರ ಮುಕ್ಕಾಲು ಮುಖಕ್ಕೆ ಬೂದುಬಣ್ಣದ ರಬ್ಬರಿನಂಥ ಚೂರುಗಳು ಅಂಟಿದ್ದವು. ಅದು ಪ್ಯಾಕಿಂಗಿಗೆ ಹಚ್ಚುವ ಸಿಲಿಕೋನ್ ಅಂಟು. ಹದವಾಗಿ ಹಚ್ಚಿದರೆ ಅಂಚು ಮಾತ್ರ ಮುಚ್ಚುತ್ತದೆ. ಸೋರಬಾರದು ಎಂಬ ಕಾಳಜಿಗೆ ಧಾರಾಳವಾಗಿ ಹಚ್ಚಿದರೆ ಹೆಚ್ಚಾದದ್ದು ಒಳಗಡೆಗೂ ಉಬ್ಬುತ್ತದೆ, ಬಿಸಿ ಆಯಿಲಿನಲ್ಲಿ ದಿನಕಳೆದಂತೆ ಕಿತ್ತು ಚೂರಾಗುತ್ತದೆ, ಪಂಪು ಹೀರಿದಾಗ ಜರಡಿಗೆ ಬಂದು ಕೂರುತ್ತದೆ. ಅಪ್ಪ ಊರೊಳಗೇ ಓಡಿಸುತ್ತಿದ್ದರಿಂದ ಆ ಚೂರುಗಳು ಅಷ್ಟು ಜೋರಾಗಿ ಬಂದು ಅಂಟಿರಲಿಲ್ಲ. ಅಂಟಿದ್ದರಿಂದ ಇಳಿದ ಒತ್ತಡವನ್ನು ದಪ್ಪ ಎಣ್ಣೆ ಮರೆಮಾಚಿತು. ಮುಚ್ಚಿದ ಜರಡಿಯಿಂದ ದಪ್ಪ ಎಣ್ಣೆ ಹೀರುವುದು ಪಂಪಿಗೆ ಇನ್ನಷ್ಟು ಕಷ್ಟ. ಅಂದರೆ ಅಪ್ಪ ಕೊಟ್ಟ ಮದ್ದು ರೋಗಕ್ಕಲ್ಲ, ದೀಪಕ್ಕೆ. ಕಾಕಾ ಒಂದು ಬೇರಿಂಗಿನ ಕ್ಯಾಪ್ ತೆಗೆದು ಬೆರಳಾಡಿಸಿ ನೋಡಿದರು, ಗೀರು ಬಿದ್ದಿರಲಿಲ್ಲ. ಜರಡಿ ತೊಳೆದು, ಹಳೇ ಅಂಟನ್ನೆಲ್ಲ ಕೆರೆದು ತೆಗೆದು, ತೆಳ್ಳಗೆ ಒಂದೇ ಗೆರೆ ಹೊಸದು ಎಳೆದು ಕೂಡಿಸಿದರು. ಹೊಸ ಆಯಿಲ್, ಫಿಲ್ಟರ್ ಸೇರಿ 3,800 ರೂಪಾಯಿ. ಗೇಜು ಹಚ್ಚಿ ನೋಡಿದಾಗ ಮುಳ್ಳು ಏರಿತು, ಏರಿದಲ್ಲೇ ನಿಂತಿತು.

ರಾತ್ರಿ ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, 2019ರಾಗ ದೀಪ ಹತ್ತಿತ್ತೇನ್ರಿ?"

ಸ್ವಲ್ಪ ಹೊತ್ತು ಮಾತಿಲ್ಲ. "ಹತ್ತಿತ್ತವ್ವಾ."

"ಮತ್ತ ಯಾಕ ಹೇಳಲಿಲ್ಲ ನೀವು?"

"ಹೇಳಿದ್ರ ಗಾಡಿ ಕಸಗೊಂತಿದ್ರಿ."

ಇದು ಬರೀ ಎಣ್ಣೆಯ ಮಾತಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅಪ್ಪನಿಗೆ ಗ್ಲಾಕೋಮಾ. ನೋವಿಲ್ಲದೆ, ಸದ್ದಿಲ್ಲದೆ ನೋಟದ ಅಂಚು ತಿನ್ನುತ್ತ ಬರುವ ರೋಗ. ಗೊತ್ತಾದದ್ದು 2018ರಲ್ಲಿ. ಅಂದಿನಿಂದ ನಾನೂ ತಮ್ಮನೂ ಕಾರು ಬಿಡಿ ಎಂದು ಬೆನ್ನು ಹತ್ತಿದ್ದೆವು. ಯಾವ ಸಣ್ಣ ಕಾರಣ ಸಿಕ್ಕರೂ ಸಾಕಿತ್ತು ನಮಗೆ. ದೀಪ ಹತ್ತಿದ ಸುದ್ದಿ ಕೇಳಿದ್ದರೆ ಹಳೇ ಗಾಡಿ, ಮಾರಿಬಿಡೋಣ ಎಂದು ನಾನೇ ಮೊದಲು ಹೇಳುತ್ತಿದ್ದೆ. ಅವರ ಕಣ್ಣಿನ ಮಾತನ್ನು ಕಾರಿನ ಮೇಲೆ ಹಾಕಿ ಆಡುತ್ತಿದ್ದೆ. ಅದು ಅವರಿಗೂ ಗೊತ್ತಿತ್ತು. ಅದಕ್ಕೇ ದಪ್ಪ ಎಣ್ಣೆ ಹಾಕಿಸಿ, ಡೈರಿಯಲ್ಲಿ ಸತ್ಯವನ್ನೇ ಬರೆದು, ನಮಗೆ ಮಾತ್ರ ಹೇಳದೆ ಉಳಿದರು. 2022ರಲ್ಲಿ ಒಂದು ದಿನ ಪಕ್ಕದಿಂದ ಬಂದ ಸೈಕಲ್ ಹುಡುಗ ಕಾಣಿಸಲಿಲ್ಲ. ಹುಡುಗನಿಗೆ ಏನೂ ಆಗಲಿಲ್ಲ. ಅಪ್ಪ ಅವತ್ತೇ ಕೀಲಿ ತಂದು ದೇವರ ಮನೆಯಲ್ಲಿಟ್ಟು ನನಗೆ ಫೋನ್ ಮಾಡಿದ್ದರು.

ಮೂರು ವರ್ಷ ಅವ್ವನನ್ನು ಪಕ್ಕದಲ್ಲಿ ಕೂಡಿಸಿಕೊಂಡು ಆ ಕಾರನ್ನು ಓಡಿಸಿದಿರಲ್ಲ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಅದೇ ಅವ್ವನನ್ನು ಹಿಂದೆ ಕೂಡಿಸಿಕೊಂಡು, ಅದೇ ದೀಪ ನೋಡಿಯೂ, ಖೇಡ್ ಶಿವಾಪುರದಿಂದ ಮನೆತನಕ ನಾನೂ ಓಡಿಸಿದ್ದೆ. ನನಗೂ ಕಾರಣವಿತ್ತು. ಅವರಿಗೂ ಇತ್ತು. "ಅಂಟು ಬಾಳ ಹಚ್ಚಿದ್ರರಿ ಅವರು" ಎಂದೆ. "ಸೋರಬಾರದಂತ ನಾನ ಹೇಳಿದ್ದೆ, ಛಲೋತಂಗ ಹಚ್ರಿ ಅಂತ" ಎಂದರು.

ಮಾರನೆಯ ದಿನ ಏಜೆನ್ಸಿಗೆ ಬರೆದೆ. ಎರಡು ವರ್ಷದ ಹಿಂದಿನ ಕೆಲಸದಲ್ಲಿ ನನ್ನದೇ ತಪ್ಪಿದೆ, ಇಂಥ ಪುಟ, ಇಂಥ ಸಾಲು, ಹೀಗೆ ತಿದ್ದಬೇಕು, ಇದಕ್ಕೆ ಹಣ ಬೇಡ ಎಂದು. ಕಳಿಸುವ ಗುಂಡಿ ಒತ್ತಲು ಮಧ್ಯಾಹ್ನವಾಯಿತು. ನಮ್ಮ ಕೆಲಸದಲ್ಲಿ ಯಾರೂ ಕೇಳದಿರುವಾಗ ತಪ್ಪು ಒಪ್ಪಿಕೊಂಡರೆ ಮುಂದಿನ ಕೆಲಸ ಬೇರೆಯವರಿಗೆ ಹೋಗಬಹುದು. ಆ ಹೊತ್ತಿಗೆ ನನ್ನ ಆದಾಯದ ಮೂರರಲ್ಲೊಂದು ಪಾಲು ಆ ಏಜೆನ್ಸಿಯಿಂದಲೇ ಬರುತ್ತಿತ್ತು. ನಾಲ್ಕು ದಿನ ಉತ್ತರವಿರಲಿಲ್ಲ. ಐದನೆಯ ದಿನ ಮುಂದಿನ ಆವೃತ್ತಿಯಲ್ಲಿ ಪರಿಗಣಿಸುತ್ತೇವೆ ಎಂದು ಬಂತು. ಮತ್ತೆ ಬರೆದೆ: ಇದು ಶೈಲಿಯ ಮಾತಲ್ಲ, ಓದಿದವನ ಎಂಜಿನ್ ಹೋಗುತ್ತದೆ, ಸರಕು ವಾಹನ ಎಂದರೆ ಅವನ ಹೊಟ್ಟೆಪಾಡು. ಮತ್ತೆ ಎರಡು ವಾರವಾದ ಮೇಲೆ ಜಾಲದಲ್ಲಿರುವ ಪ್ರತಿಯನ್ನು ತಿದ್ದಿದ್ದೇವೆ ಎಂದು ತಿಳಿಸಿದರು. ಅಚ್ಚಾದದ್ದು ಅಚ್ಚಾದಂತೆಯೇ ಇದೆ. ಎಲ್ಲೋ ಕೆಲವು ಗಾಡಿಗಳಲ್ಲಿ ನನ್ನ "ಸಾಧ್ಯವಾದಷ್ಟು ಬೇಗ" ಪ್ಲಾಸ್ಟಿಕ್ ಕವರಿನೊಳಗೆ ಈಗಲೂ ಕೂತಿದೆ. ಆ ಏಜೆನ್ಸಿಯಿಂದ ಆಮೇಲೆ ಕೆಲಸ ಬಂದಿದೆ, ಮೊದಲಿನಷ್ಟಲ್ಲ. ಎರಡಕ್ಕೂ ಸಂಬಂಧವಿದೆ ಎಂದು ಹೇಳುವಷ್ಟು ಪುರಾವೆ ಇಲ್ಲ. ಆ ಪಾಠವನ್ನಂತೂ ಈ ಸಲ ಮರೆಯುವುದಿಲ್ಲ.

ತಿದ್ದಿದ ವಾಕ್ಯ ಹೀಗಿದೆ: "ಗಾಡಿ ಓಡುವಾಗ ಈ ಕೆಂಪು ದೀಪ ಹತ್ತಿದರೆ, ಅಥವಾ ಹತ್ತಿ ಆರಿ ಹೊಯ್ದಾಡಿದರೆ, ಕೂಡಲೇ ರಸ್ತೆಯ ಬದಿಗೆ ಬಂದು ಎಂಜಿನ್ ಆಫ್ ಮಾಡಿ. ದೀಪ ಆರಿದರೂ ಮುಂದೆ ಓಡಿಸಬೇಡಿ. ಮೆಕ್ಯಾನಿಕ್‌ಗೆ ತೋರಿಸಿ." ಹಳೆಯದಕ್ಕಿಂತ ಉದ್ದ. ದೀಪ ಆರಿದರೂ ಓಡಿಸಬೇಡಿ ಎಂಬ ಸಾಲು ಮೂಲದಲ್ಲಿರಲಿಲ್ಲ. ಅದನ್ನು ಸೇರಿಸುವ ಹಕ್ಕು ಅನುವಾದಕಿಗೆ ಇದೆಯೇ ಎಂದು ಬೇರೆ ದಿನ ಚರ್ಚಿಸಬಹುದು. ಏಜೆನ್ಸಿ ಅದನ್ನು ತೆಗೆಯಲಿಲ್ಲ.

ಕಾರು ಈಗಲೂ ನಮ್ಮಲ್ಲೇ ಇದೆ. ಕೀಲಿ ತಿರುಗಿಸಿದಾಗ ಗಿಂಡಿ ಹತ್ತಿದ್ದನ್ನು ನೋಡಿಕೊಂಡೇ ಸ್ಟಾರ್ಟ್ ಮಾಡುತ್ತೇನೆ, ಆರಿದ್ದನ್ನು ನೋಡಿಕೊಂಡೇ ಗೇರ್ ಹಾಕುತ್ತೇನೆ. ಅಪ್ಪನ ಡೈರಿಯಲ್ಲಿ ಪುಟಗಳು ಉಳಿದಿದ್ದವು, ಅಲ್ಲೇ ಮುಂದುವರಿಸಿದ್ದೇನೆ. ಕಾಕಾನ ಗ್ಯಾರೇಜಿನಿಂದ ಬಂದ ದಿನ ಬರೆದದ್ದು: "ಚೇಂಬರ್ ಇಳಿಸಿ ಜರಡಿ ಸ್ವಚ್ಛ ಮಾಡಿಸಿದೆ. ಪುಸ್ತಕದ ಎಣ್ಣೆ. ರೂ. 3,800."

ಮುಂದಿನ ಸಲ ಊರಿಗೆ ಹೋದಾಗ ಅಪ್ಪ ಡೈರಿಯನ್ನು ಕಣ್ಣಿನ ಹತ್ತಿರ ಹಿಡಿದು ಆ ಸಾಲು ಓದಿದರು. ಜೇಬಿನಿಂದ ಪೆನ್ನು ತೆಗೆದು ಕೊನೆಗೆ ಏನೋ ಸೇರಿಸಿದರು. ವಾಪಸು ಬರುವಾಗ ಸಂಕೇಶ್ವರದ ಹತ್ತಿರ ಚಹಾಕ್ಕೆ ನಿಂತಾಗ ತೆಗೆದು ನೋಡಿದೆ. ಆಗಸ್ಟ್ 2019ರ ಪುಟಸಂಖ್ಯೆ ಹಾಕಿ, "ನೋಡಿ" ಎಂದು ಬರೆದಿದ್ದರು.